ರಟ್ಟಿಗೂ ಒಂದು ದಿಕ್ಕಿದೆ

ಕಳೆದ ವರ್ಷ ಜುಲೈಯಲ್ಲಿ ಮನೆ ಬದಲಾಯಿಸಿದೆ. ಒಂಬತ್ತು ವರ್ಷದಲ್ಲಿ ನಾಲ್ಕನೇ ಸಲ. ಬೆಂಗಳೂರಿನಲ್ಲಿ ಬಾಡಿಗೆಗಿರುವವರಿಗೆ ಇದೇನು ಸುದ್ದಿಯೇ ಅಲ್ಲ, ಅಡ್ವಾನ್ಸು ವಾಪಸ್ ಬಂತಾ ಅಂತ ಕೇಳಿ ಸುಮ್ಮನಾಗ್ತೀರಿ. ಟೆಂಪೋದಲ್ಲಿ ಬಂದದ್ದು 17 ಡಬ್ಬ. 16 ಡಬ್ಬಗಳಿಗೆ ಏನೂ ಆಗಿರಲಿಲ್ಲ. ಹದಿನೇಳನೆಯದರ ಗೋಡೆಗಳು ಹಾರ್ಮೋನಿಯಂನ ತಿದಿಯ ಹಾಗೆ ಮಡಚಿಕೊಂಡು, ಎತ್ತರ ಅರ್ಧಕ್ಕಿಳಿದು, ಒಂದು ಮೂಲೆಯಿಂದ ಮಳೆನೀರು ಕುಡಿದು ಕೂತಿತ್ತು.

ಅದರೊಳಗಿದ್ದದ್ದು ಅಜ್ಜನ ಅಡಿಕೆ ಲೆಕ್ಕದ ಪುಸ್ತಕಗಳು, ಜೊತೆಗೆ ಮುಂಬೈಯಲ್ಲಿದ್ದ ಅವರ ತಂಗಿ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ಕಟ್ಟು. ತೀರ್ಥಹಳ್ಳಿಯ ಮನೆಯ ಟ್ರಂಕಿನಲ್ಲಿ ಆರಾಮಾಗಿದ್ದವನ್ನು ಸ್ಕ್ಯಾನ್ ಮಾಡಿ ಕೊಡ್ತೀನಿ ಅಂತ ಅಮ್ಮನ ಹತ್ತಿರ ಇಸ್ಕೊಂಡು ಬಂದವನು ನಾನು. ಮೂರು ವರ್ಷ ಸ್ಕ್ಯಾನೂ ಮಾಡಲಿಲ್ಲ, ಓದಲೂ ಇಲ್ಲ. ನೆಂದ ಮೂಲೆಯಲ್ಲಿದ್ದ ನಾಲ್ಕು ಪತ್ರಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಶಾಯಿ ಹರಡಿ ನೀಲಿ ಕಲೆಯಾಗಿತ್ತು. ಮೂರನ್ನು ಹೇಗೋ ಬಿಡಿಸಿದೆ. ನಾಲ್ಕನೆಯದರಲ್ಲಿ 'ಕ್ಷೇಮ' ಅನ್ನುವ ಒಂದು ಮಾತು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಸಾಮಾನು ಸಾಗಿಸಿದವರನ್ನು ಬೈಯೋಣ ಅಂದ್ರೆ ಅವರು ತಂದ ಡಬ್ಬಗಳೆಲ್ಲ ಚೆನ್ನಾಗೇ ಇದ್ದವು. ಕುಸಿದದ್ದು ನಾನೇ ಮಾಡಿದ್ದು. ಲೆಕ್ಕದ ಪುಸ್ತಕಗಳ ಅಳತೆಗೆ ಸರಿಹೋಗುವ ಡಬ್ಬ ಸಿಗಲಿಲ್ಲ ಅಂತ ಹಿಂದಿನ ರಾತ್ರಿ ಒಂದು ದೊಡ್ಡ ಕಾರ್ಟನ್ ಕತ್ತರಿಸಿ, ಮಡಚಿ, ಸುತ್ತಲೂ ಟೇಪ್ ಬಿಗಿದಿದ್ದೆ. ನೋಡಲು ಗಟ್ಟಿಯಾಗೇ ಇತ್ತು. ಫೋನಿನಲ್ಲಿ ವಿಷಯ ಹೇಳಿದಾಗ ಅಮ್ಮ ಬೈಯಲಿಲ್ಲ. "ಟ್ರಂಕಲ್ಲೇ ಇದ್ದಿದ್ರೆ ಎಂತ ಆಗ್ತಿತ್ತು ಮಾರಾಯ?" ಅಂದರು. ಬೈದಿದ್ದರೇ ವಾಸಿಯಿತ್ತು.

ಇನ್ನೊಂದು ಡಬ್ಬ ಮಾಡಬೇಕು, ಈ ಸಲ ಗೊತ್ತಿದ್ದು ಮಾಡಬೇಕು ಅನ್ನುವ ಹಠ ಅಲ್ಲಿಂದ ಶುರುವಾಯ್ತು. ಒಂದು ಪ್ಲಾಸ್ಟಿಕ್ ಡಬ್ಬ ತಂದು ಮುಚ್ಚಿಟ್ಟರೆ ಮುಗೀತಲ್ಲ ಅಂತ ನೀವು ಕೇಳಬಹುದು. ಕೇಳಿದವರು ಬಹಳ ಜನ. ಆದರೆ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಹೋದ ತೇವ ಹೊರಗೆ ಬರುವುದಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಒಳಗಿನ ಕಾಗದಕ್ಕೆ ಬೂಸ್ಟು ಹಿಡಿಯಲು ಇಷ್ಟು ಸಾಕು. ರಟ್ಟು ತೇವವನ್ನು ಎಳೆದುಕೊಳ್ಳುತ್ತದೆ, ಹವೆ ಒಣಗಿದಾಗ ಬಿಡುತ್ತದೆ. ಇದು ತರ್ಕ. ನಿಜ ಹೇಳಬೇಕೆಂದರೆ, ಸೋತ ವಸ್ತುವಿನಿಂದಲೇ ಗೆಲ್ಲಬೇಕು ಅನ್ನುವ ಹುಡುಗಾಟವೂ ಇತ್ತು.

ಯಾವುದಾದರೂ ಪಾರ್ಸೆಲ್ ಡಬ್ಬದ ಕತ್ತರಿಸಿದ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆ ಅಲೆಯಾಗಿ ಒಂದು ಹಾಳೆ. ನಮ್ಮ ಕಡೆ ವ್ಯಾಪಾರದಲ್ಲಿ ಇದಕ್ಕೆ ಮೂರು ಪ್ಲೈ ಅಂತಾರೆ, ಎರಡು ಅಲೆಯಿದ್ದರೆ ಐದು ಪ್ಲೈ. ಈ ಅಲೆಕಾಗದ ಹುಟ್ಟಿದ್ದು ಡಬ್ಬಕ್ಕಲ್ಲ, ಟೊಪ್ಪಿಗೆ. 1856ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಲೆನ್ ಮತ್ತು ಎಡ್ವರ್ಡ್ ಹೀಲಿ ಕಾಗದವನ್ನು ನೆರಿಗೆ ಮಾಡಿ ಗಂಡಸರ ಎತ್ತರದ ಟೊಪ್ಪಿಯೊಳಗೆ ಪಟ್ಟಿಯಾಗಿ ಇಡಲು ಪೇಟೆಂಟ್ ಪಡೆದರು. ತಲೆಗೆ ಮೆತ್ತಗೆ, ಗಾಳಿಯೂ ಆಡುತ್ತೆ. 15 ವರ್ಷ ಬಿಟ್ಟು, 1871ರಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಇದೇ ನೆರಿಗೆ ಕಾಗದವನ್ನು ಸೀಸೆ ಮತ್ತು ದೀಪದ ಗಾಜಿನ ಬುರುಡೆಗಳಿಗೆ ಸುತ್ತಬಹುದು ಅಂತ ಪೇಟೆಂಟ್ ಮಾಡಿಸಿದ. ಬರೀ ನೆರಿಗೆಯನ್ನು ಎಳೆದರೆ ಅದು ಚಪ್ಪಟೆಯಾಗಿಬಿಡುತ್ತದೆ. 1874ರಲ್ಲಿ ಆಲಿವರ್ ಲಾಂಗ್ ಎಂಬಾತ ಅದಕ್ಕೊಂದು ಬೆನ್ನುಹಾಳೆ ಅಂಟಿಸಿದ. ನೆರಿಗೆ ಇದ್ದಲ್ಲೇ ನಿಂತಿತು. ಕಾಗದ ಗೋಡೆಯಾಗಿದ್ದು ಅಲ್ಲಿಂದ.

ನನ್ನ ಕುಸಿದ ಡಬ್ಬದ ರಹಸ್ಯವೂ ಈ ನೆರಿಗೆಯಲ್ಲೇ ಇತ್ತು. ಒಂದು ರಟ್ಟಿನ ತುಂಡನ್ನು ಅಲೆಗಳು ಮೇಲಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ ಅಂಗೈಯಿಂದ ಒತ್ತಿ ನೋಡಿ. ನೂರಾರು ಸಣ್ಣ ಕಂಬ ಸಾಲಾಗಿ ನಿಂತ ಹಾಗೆ, ಜಗ್ಗುವುದಿಲ್ಲ. ಅದನ್ನೇ ತಿರುಗಿಸಿ, ಅಲೆಗಳು ಅಡ್ಡವಾಗಿ ಮಲಗುವಂತೆ ಇಟ್ಟು ಒತ್ತಿ. ಪ್ರತಿ ಅಲೆಯೂ ಒಂದು ಸಿದ್ಧ ಮಡಿಕೆ, ಸಲೀಸಾಗಿ ಮಡಚಿಕೊಳ್ಳುತ್ತದೆ. ಆ ರಾತ್ರಿ ನಾನು ಕಾರ್ಟನ್ನನ್ನು ಎಲ್ಲಿ ಉದ್ದ ಸಿಕ್ಕಿತೋ ಅಲ್ಲಿ ಕತ್ತರಿಸಿದ್ದೆ. ಗೋಡೆಗಳ ಅಲೆ ಪೂರ್ತಿ ಅಡ್ಡಡ್ಡ. ಮೇಲೆ ಪುಸ್ತಕದ ಡಬ್ಬ ಕೂತಿತು, ತಿದಿ ಮುಚ್ಚಿಕೊಂಡಿತು. ಎಂಟು ಸುತ್ತು ಟೇಪ್ ಹಾಕಿದ್ದೆನಲ್ಲ, ಅದರಿಂದ ಮೂರು ಕಾಸಿನ ಪ್ರಯೋಜನ ಆಗಲಿಲ್ಲ.

ಸರಿ, ಅಲೆ ನಿಂತಿರಬೇಕು, ಅಷ್ಟೇ ತಾನೆ ಅಂತ ಕೂತೆ. ಒಂದು ಚೌಕ ರಟ್ಟು ತಗೊಂಡು, ನಡುವೆ ತಳ ಗುರುತಿಸಿ, ನಾಲ್ಕು ಕಡೆ ಮೇಲೆ ಮಡಚಿದರೆ ಟ್ರೇ ಆಗುತ್ತೆ. ಶಾಲೆಯಲ್ಲಿ ಎಲ್ಲರೂ ಮಾಡಿರ್ತೀವಿ. ಮಾಡಿ ನೋಡಿದ ಮೇಲೆ ಹೊಳೆಯಿತು: ಎರಡು ಗೋಡೆಗಳಲ್ಲಿ ಅಲೆ ನಿಂತಿದೆ, ಇನ್ನೆರಡರಲ್ಲಿ ಮಲಗಿದೆ. ಒಂದೇ ಹಾಳೆಯಲ್ಲಿ ಅಲೆಯ ದಿಕ್ಕು ಒಂದೇ, ಅದು ನಾಲ್ಕೂ ಕಡೆಗೆ ಏಕಕಾಲಕ್ಕೆ ನಿಲ್ಲಲು ಸಾಧ್ಯವೇ ಇಲ್ಲ. ಆಗ ಮೂಲೆಯಲ್ಲಿ ಬಿದ್ದಿದ್ದ ಒಂದು ಸಾಧಾರಣ ಪಾರ್ಸೆಲ್ ಡಬ್ಬವನ್ನು ಅಂಟು ಬಿಡಿಸಿ ಚಪ್ಪಟೆ ಮಾಡಿದೆ. ನಾಲ್ಕು ಗೋಡೆಗಳು ಒಂದರ ಪಕ್ಕ ಒಂದು, ಸಾಲಾಗಿ, ಪಟ್ಟಿಯಂತೆ. ಮೇಲೆ ನಾಲ್ಕು, ಕೆಳಗೆ ನಾಲ್ಕು ಕಿವಿ. ನಾಲ್ಕೂ ಗೋಡೆಯ ಅಲೆ ನೆಟ್ಟಗೆ. ದಿನಾ ಕಸಕ್ಕೆ ಹಾಕುವ ವಸ್ತುವಿನಲ್ಲಿ ಇಂಥ ಲೆಕ್ಕ ಅಡಗಿದೆ ಅಂತ ಮೂವತ್ತನಾಲ್ಕು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೀಗೆ ಕತ್ತರಿಸುವುದನ್ನೂ ಮಡಿಕೆಗೆ ಗೆರೆ ಒತ್ತುವುದನ್ನೂ ಯಂತ್ರಕ್ಕೆ ಕಲಿಸಿದ್ದು ಒಂದು ಎಡವಟ್ಟು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಗೇರ್ ಅಮೆರಿಕಕ್ಕೆ ವಲಸೆ ಹೋಗಿ, ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದು, ಕಾಗದದ ಚೀಲ ಮಾಡುವ ಉದ್ಯೋಗ ಹಿಡಿದಿದ್ದ. 1879ರಲ್ಲಿ ಅವನ ಕಾರ್ಖಾನೆಯಲ್ಲಿ ಬೀಜದ ಚೀಲಗಳು ಅಚ್ಚಾಗುತ್ತಿದ್ದಾಗ, ಬರೀ ಗೆರೆ ಒತ್ತಬೇಕಾಗಿದ್ದ ಲೋಹದ ಪಟ್ಟಿಯೊಂದು ಜರುಗಿ ಚೀಲಗಳನ್ನು ಕತ್ತರಿಸಿಬಿಟ್ಟಿತು. ಮಾಲು ಹಾಳು. ಬೇರೆ ಯಾರಾದರೂ ಆಗಿದ್ದರೆ ಕೆಲಸದವನ ಸಂಬಳ ಹಿಡಿದು ಸುಮ್ಮನಾಗುತ್ತಿದ್ದರೋ ಏನೋ. ಗೇರ್‌ಗೆ ಹೊಳೆದದ್ದು ಬೇರೆ: ಒಂದು ಪಟ್ಟಿ ಎತ್ತರಕ್ಕಿಟ್ಟರೆ ಕತ್ತರಿಸುತ್ತೆ, ತಗ್ಗಿಗಿಟ್ಟರೆ ಗೆರೆ ಒತ್ತುತ್ತೆ, ಎರಡನ್ನೂ ಒಂದೇ ಏಟಿಗೆ ಮಾಡಬಹುದಲ್ಲ! ಅಲ್ಲಿಯವರೆಗೆ ಈ ಎರಡು ಕೆಲಸಗಳೂ ಬೇರೆ ಬೇರೆ, ಬಹುಪಾಲು ಕೈಯಲ್ಲೇ. ಅವನು ಮಾಡಿದ್ದು ತೆಳು ರಟ್ಟಿನ ಮಡಚುವ ಪೊಟ್ಟಣ, ಅಲೆರಟ್ಟಿನ ಡಬ್ಬ ಆಮೇಲೆ ಅದೇ ದಾರಿ ಹಿಡಿಯಿತು. ಡಬ್ಬವನ್ನು ಡಬ್ಬವಾಗಿ ಸಾಗಿಸುವ ಬದಲು ಹಾಳೆಯಾಗಿ ಪೇರಿಸಿ ಸಾಗಿಸಿ, ಬೇಕಾದಲ್ಲಿ ಎಬ್ಬಿಸಿ ನಿಲ್ಲಿಸುವುದು ಸಾಧ್ಯವಾಯ್ತು. 19ನೇ ಶತಮಾನದ ಕೊನೆಗೆ ನ್ಯಾಷನಲ್ ಬಿಸ್ಕೆಟ್ ಕಂಪನಿ ಪೀಪಾಯಿಯಲ್ಲಿ ಮಾರುತ್ತಿದ್ದ ಬಿಸ್ಕತ್ತನ್ನು ಇಂಥ ಪೊಟ್ಟಣದಲ್ಲಿ ಮಾರಲು ಹೊರಟಾಗ ಆರ್ಡರ್ ಹೋದದ್ದು ಗೇರ್‌ಗೇ.

ಆದರೆ ಮರದ ಪೆಟ್ಟಿಗೆಯವರು ಸುಮ್ಮನೆ ಬಿಡಲಿಲ್ಲ. ಸಾಮಾನೆಲ್ಲ ಹೋಗುತ್ತಿದ್ದದ್ದು ರೈಲಿನಲ್ಲಿ, ಅಮೆರಿಕದ ರೈಲು ಕಂಪನಿಗಳು ರಟ್ಟಿನ ಡಬ್ಬದಲ್ಲಿ ತಂದ ಸಾಮಾನಿಗೆ ಮರದ ಪೆಟ್ಟಿಗೆಯದಕ್ಕಿಂತ ಹೆಚ್ಚು ಬಾಡಿಗೆ ಹಾಕುತ್ತಿದ್ದವು. ಕಾಗದವನ್ನು ನಂಬುವುದು ಹೇಗೆ ಸ್ವಾಮಿ? ಕ್ಯಾಲಿಫೋರ್ನಿಯಾದ ಪ್ರಿಡಮ್ ಎಂಬ ಡಬ್ಬದ ಕಂಪನಿ ದೂರು ಕೊಂಡೊಯ್ದಿತು. 1914ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಈ ತಾರತಮ್ಯ ಸಲ್ಲದು ಅಂದಿತು. ರಟ್ಟಿನ ಡಬ್ಬ ಗೆದ್ದದ್ದು ಕಾರ್ಖಾನೆಯಲ್ಲಷ್ಟೇ ಅಲ್ಲ, ವ್ಯಾಜ್ಯದಲ್ಲೂ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಅಮೆರಿಕದಿಂದ ಬಂದ ಡಬ್ಬಗಳ ತಳದಲ್ಲಿ ಒಂದು ದುಂಡು ಮುದ್ರೆ ನೋಡಿರ್ತೀರಿ. ಇಷ್ಟು ಒತ್ತಡಕ್ಕೆ ಒಡೆಯುವುದಿಲ್ಲ, ಇಷ್ಟು ತೂಕ ಹಾಕಬಹುದು ಅಂತ ತಯಾರಕ ಕೊಡುವ ಮುಚ್ಚಳಿಕೆ ಅದು. ರೈಲಿನವರ ಅಪನಂಬಿಕೆಯ ಕಾಲದಿಂದ ಉಳಿದುಬಂದದ್ದು.

ನಮ್ಮಲ್ಲಿ ಈ ಬದಲಾವಣೆ ತಡವಾಗಿ ಆಯ್ತು. ಹಿಮಾಚಲದ ಸೇಬು ಮರದ ಪೆಟ್ಟಿಗೆ ಬಿಟ್ಟು ರಟ್ಟಿಗೆ ಬಂದದ್ದು 1980ರ ದಶಕದಲ್ಲಿ, ಪೆಟ್ಟಿಗೆಗಾಗಿ ಕಾಡು ಕಡಿಯುವುದನ್ನು ತಪ್ಪಿಸಲು. ಇನ್ನು ನಮ್ಮ ಬಾಗಿಲಿಗೇ ಡಬ್ಬ ಬರತೊಡಗಿದ್ದು ನಿಮಗೇ ಗೊತ್ತು. 2007ರಲ್ಲಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಶುರು ಮಾಡಿದಾಗ ಡಬ್ಬ ಬರುವುದು ಒಂದು ಸಂಭ್ರಮ. ಈಗ ಬಾಲ್ಕನಿಯಲ್ಲಿ ರಾಶಿ ಬಿದ್ದು, ಗುಜರಿಯವನು ಯಾವಾಗ ಬರ್ತಾನೆ ಅಂತ ಕಾಯುವ ಸ್ಥಿತಿ.

ಆ ರಾಶಿಯಿಂದ ನಾನು ಆರಿಸಿದ್ದು ವಾಷಿಂಗ್ ಮಷೀನಿನ ಕಾರ್ಟನ್. ಐದು ಪ್ಲೈ, ಹತ್ತಿರಹತ್ತಿರ 7 ಮಿಲಿಮೀಟರ್ ದಪ್ಪ. ಈ ಆಯ್ಕೆಗೂ ಒಂದು ಸೂತ್ರದ ಆಧಾರವಿದೆ, ನಗಬೇಡಿ. 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕಾಗದ ಸಂಶೋಧನಾ ಸಂಸ್ಥೆಯಲ್ಲಿ ಮೆಕ್ಕೀ ಎಂಬಾತ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ, ಒಂದು ಡಬ್ಬ ಎಷ್ಟು ಭಾರಕ್ಕೆ ಕುಸಿಯುತ್ತದೆ ಅನ್ನುವುದಕ್ಕೆ ಸೂತ್ರ ಕಟ್ಟಿದ. ರಟ್ಟನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದಾಗಿನ ಬಲ, ರಟ್ಟಿನ ದಪ್ಪ, ಡಬ್ಬದ ಸುತ್ತಳತೆ, ಇಷ್ಟೇ ಅದರಲ್ಲಿರುವುದು. ಎತ್ತರದ ಮಾತೇ ಇಲ್ಲ. ಸುತ್ತಳತೆ ವರ್ಗಮೂಲದೊಳಗೆ ಕೂತಿದೆ, ಅಂದ್ರೆ ಅದನ್ನು ನಾಲ್ಕು ಪಟ್ಟು ಮಾಡಿದರೆ ಬಲ ಎರಡೇ ಪಟ್ಟು. ದೊಡ್ಡ ಡಬ್ಬ ಮಾಡಿ ತುಂಬಿಸುವುದಕ್ಕಿಂತ ಅಳತೆಗೆ ಸರಿಯಾಗಿ, ಒಳ್ಳೆಯ ರಟ್ಟಿನಲ್ಲಿ ಚಿಕ್ಕದು ಮಾಡುವುದು ಲೇಸು. ಮನೆ ಬದಲಾಯಿಸುವಾಗ ಪುಸ್ತಕವನ್ನೆಲ್ಲ ಅತಿ ದೊಡ್ಡ ಡಬ್ಬಕ್ಕೆ ತುಂಬುವವರು ದಯವಿಟ್ಟು ಗಮನಿಸಬೇಕು.

ಒಳಗಿನ ಅಳತೆ 36, 24, ಎತ್ತರ 15 ಸೆಂಟಿಮೀಟರ್ ಅಂತ ನಿಗದಿ ಮಾಡಿದೆ. ಕಾರ್ಟನ್ನಿನ ಅಲೆ ನಿಂತ ದಿಕ್ಕಿಗೇ 15 ಸೆಂಟಿಮೀಟರ್ ಎತ್ತರದ ಪಟ್ಟಿ ಕತ್ತರಿಸಿದೆ. ಹಳೆಯ ಮಡಿಕೆಗಳು ಅಡ್ಡ ಬಂದವು, ಎರಡು ತುಂಡು ಜೋಡಿಸಬೇಕಾಯ್ತು. ಕತ್ತರಿಸುವಾಗ ಒಂದೇ ಸಲಕ್ಕೆ ಒತ್ತಬಾರದು, ಸ್ಟೀಲ್ ಸ್ಕೇಲ್ ಹಿಡಿದು ಮೂರು ಸಲ ಹಗುರವಾಗಿ ಎಳೆದರೆ ಅಂಚು ನಜ್ಜಾಗುವುದಿಲ್ಲ. ಮಡಿಕೆಯ ಗೆರೆಗೆ ಚಮಚದ ಹಿಡಿ ಸಾಕು, ಗೇರ್‌ನ ಪಟ್ಟಿ ಮಾಡುತ್ತಿದ್ದ ಕೆಲಸವನ್ನೇ ಅದೂ ಮಾಡುತ್ತದೆ. ತಳಕ್ಕೆ ಎರಡು ತುಂಡು, ಒಂದರ ಅಲೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ, ಪ್ಲೈವುಡ್ಡಿನ ಥರ. ಭಾರದ ಹೆಚ್ಚಿನ ಪಾಲು ಹೊರುವುದು ಮೂಲೆಗಳು. ಹಾಗಾಗಿ ನಾಲ್ಕೂ ಮೂಲೆಗೆ ಒಳಗಿನಿಂದ, ಪೂರ್ತಿ ಎತ್ತರಕ್ಕೆ, ಮಡಚಿದ ರಟ್ಟಿನ ಕಂಬ ಅಂಟಿಸಿದೆ.

ಮುಚ್ಚಳ ಮಾತ್ರ ಮೊದಲ ಸಲ ಕೈಕೊಟ್ಟಿತು. ಒಳ ಅಳತೆ 36 ತಾನೇ ಅಂತ ಮುಚ್ಚಳವನ್ನೂ 36ಕ್ಕೇ ಮಾಡಿದೆ. ಡಬ್ಬದ ಗೋಡೆಗೂ ದಪ್ಪ ಇದೆ ಅನ್ನುವುದು ಇಂಜಿನಿಯರಿಂಗ್ ಓದಿದವನಿಗೆ ಮರೆತುಹೋಗಿತ್ತು. ಎರಡು ಕಡೆಯ 7 ಮಿಲಿಮೀಟರ್ ಸೇರಿ ಹೊರ ಅಳತೆ 37.4. ಸಡಿಲಕ್ಕೆ ಇನ್ನು 4 ಮಿಲಿಮೀಟರ್ ಬಿಟ್ಟು, ಎರಡನೇ ಮುಚ್ಚಳ 37.8ಕ್ಕೆ ಮಾಡಿದ ಮೇಲೆ ಕೂತಿತು. ಮೊದಲನೇ ಮುಚ್ಚಳದಲ್ಲಿ ಈಗ ಚಾರ್ಜರುಗಳಿವೆ.

ಅಂಟಿನ ವಿಷಯಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಮೈದಾ ಕುದಿಸಿ ಅಂಟು ಮಾಡೋಣ ಅಂತಿದ್ದೆ. "ಮೈದಾ ಹಾಕ್ಬೇಡ, ಜಿರಳೆ ತಿಂತದೆ" ಅಂದರು. ಅವರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು: 1930ರ ದಶಕದಿಂದೀಚೆಗೆ ಅಲೆರಟ್ಟಿನ ಹಾಳೆಗಳನ್ನು ಕಾರ್ಖಾನೆಯಲ್ಲೇ ಹೆಚ್ಚಾಗಿ ಅಂಟಿಸುವುದು ಪಿಷ್ಟದಿಂದ, ಜೋಳದ ಗಂಜಿಯ ಸಂಬಂಧಿ ಅಂತಿಟ್ಟುಕೊಳ್ಳಿ. ಜಿರಳೆಗೆ ಊಟ ಮೊದಲೇ ಬಡಿಸಿಟ್ಟಾಗಿದೆ. ಅದನ್ನು ಹೇಳದೆ ಫೆವಿಕಾಲ್ ಹಾಕಿದೆ.

ಅಂಟು ಒಣಗಿದ ಮೇಲೆ ಡಬ್ಬದ ಮೇಲೆ ಒಂದು ಹಲಗೆ ಇಟ್ಟು 25 ಕೆಜಿಯ ಎರಡು ಅಕ್ಕಿ ಚೀಲ ಹೇರಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲೂ ಗೀರೂ ಬಿದ್ದಿರಲಿಲ್ಲ. ಆಫೀಸಿನಲ್ಲಿ ಎಷ್ಟೋ ರಿಲೀಸ್ ಮಾಡಿದ್ದೀನಿ, ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಖುಷಿ ಒಂದೆರಡು ದಿನ ಇತ್ತು. ಗೆದ್ದದ್ದು ಭಾರದ ವಿರುದ್ಧ. ಕಾಲದ ವಿರುದ್ಧ ಈ ಡಬ್ಬ ಮಾಡಿದ್ದೇ ಅಲ್ಲ. ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಒಂದು ಪ್ರಯಾಣ, ಆಮೇಲೆ ಗುಜರಿ, ಅಷ್ಟೇ ಅದಕ್ಕೆ ಬರೆದಿರುವ ಆಯಸ್ಸು. ನಮ್ಮ ಕಾರ್ಟನ್ನುಗಳಲ್ಲಿ ಬಹುಪಾಲು ಹಳೇ ಕಾಗದ ಅರೆದು ಮಾಡಿದವು. ಅದರಲ್ಲಿ ಮರದ ಲಿಗ್ನಿನ್ ಇರುತ್ತದೆ, ಆಮ್ಲ ಇರುತ್ತದೆ. ಈ ಆಮ್ಲದ ಕಥೆ ಡಬ್ಬಕ್ಕಿಂತ ಹಳೆಯದು: 1807ರಲ್ಲಿ ಜರ್ಮನಿಯ ಮೊರಿಟ್ಸ್ ಇಲಿಗ್ ಕಾಗದದ ಮೇಲೆ ಶಾಯಿ ಹರಡದಂತೆ ರಾಳ ಮತ್ತು ಪಟಿಕ ಸೇರಿಸುವ ವಿಧಾನ ಪ್ರಕಟಿಸಿದ. ಆ ಪಟಿಕವೇ ವರ್ಷಗಳು ಕಳೆದಂತೆ ಕಾಗದವನ್ನು ಒಳಗಿಂದ ಸುಡುತ್ತದೆ. ಹಳೇ ಪುಸ್ತಕದ ಪುಟ ಮಡಚಿದರೆ ಹಪ್ಪಳದಂತೆ ಮುರಿಯುವುದು ಇದಕ್ಕೇ. ಡಬ್ಬದ ಆಮ್ಲ ತಾಗಿಕೊಂಡ ಪತ್ರಕ್ಕೂ ದಾಟುತ್ತದೆ. ಅಂದ್ರೆ ಕುಸಿಯದ ಡಬ್ಬ ಮಾಡಿ, ಪತ್ರಗಳನ್ನು ನಿಧಾನವಾಗಿ ಕೊಲ್ಲುವ ವ್ಯವಸ್ಥೆ ಮಾಡಿದ್ದೆ.

ಗ್ರಂಥಾಲಯದವರು ಇದಕ್ಕೆ ಏನು ಮಾಡ್ತಾರೆ? 1966ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ ಅಲ್ಲಿನ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಅಲ್ಲಿ ದುಡಿದ ಪೀಟರ್ ವಾಟರ್ಸ್ ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂದ. 1970ರ ದಶಕದಲ್ಲಿ ಅಲ್ಲಿ ಬಳಕೆಗೆ ಬಂದ ರಟ್ಟಿನ ಹೊದಿಕೆಗೆ ಫೇಸ್ ಬಾಕ್ಸ್ ಅಂತ ಹೆಸರು. ಎರಡು ರಟ್ಟಿನ ಪಟ್ಟಿಗಳನ್ನು ಕೂಡಿಸುವ ಚಿಹ್ನೆಯ ಹಾಗೆ ಒಂದರ ಮೇಲೊಂದು ಇಟ್ಟು, ನಡುವೆ ಪುಸ್ತಕ ಇಟ್ಟು, ನಾಲ್ಕು ಕಡೆಯಿಂದ ಮಡಚಿ ದಾರ ಸುತ್ತುವುದು. ಸಾವಿರಾರು ಪುಸ್ತಕಗಳನ್ನು ಒಮ್ಮೆಗೇ ರಿಪೇರಿ ಮಾಡಲಾಗದು, ಸರದಿ ಬರುವವರೆಗೆ, ಒಂದು ಹಂತಕ್ಕೆ ಅಂತ ಮಾಡಿದ ಏರ್ಪಾಡು. ಹೆಸರು ಬಂದದ್ದೂ ಅದರಿಂದಲೇ. ಆದರೆ ಅವರ ರಟ್ಟು ಆಮ್ಲವಿಲ್ಲದ್ದು. ನಾನೂ ಅದನ್ನೇ ಚಿಕ್ಕದಾಗಿ ಮಾಡಿದೆ. ಆಮ್ಲರಹಿತ ಹಾಳೆಯಲ್ಲಿ ಪತ್ರಗಳಿಗೆ ನಾಲ್ಕು ಮಡಿಕೆಯ ಹೊದಿಕೆ, ಅದರ ಮೇಲೆ ಚೆನ್ನಾಗಿ ತೊಳೆದ ಹತ್ತಿ ಬಟ್ಟೆ, ಆಮೇಲೆ ಡಬ್ಬ. ತಾಳೆಗರಿಯ ಕಟ್ಟುಗಳಿಗೆ ನಮ್ಮವರು ಬಟ್ಟೆ ಸುತ್ತುತ್ತಿದ್ದದ್ದು ಆಗ ನೆನಪಾಯ್ತು.

ನೆನಪಾದದ್ದು ಇನ್ನೊಂದು. ಆಫೀಸುಗಳಲ್ಲಿ ಫೈಲಿಗೆ ಕನ್ನಡದಲ್ಲಿ ಕಡತ ಅಂತೀವಲ್ಲ, ಮೂಲದಲ್ಲಿ ಕಡತ ಅಂದ್ರೆ ಬಟ್ಟೆ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಹತ್ತಿಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿ, ಉದ್ದನೆಯ ಪಟ್ಟಿಯನ್ನು ಅತ್ತ ಇತ್ತ ನೆರಿಗೆ ನೆರಿಗೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುವ ಪುಸ್ತಕ. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಶೃಂಗೇರಿ ಮಠದ ಹಳೆಯ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರ. ಟೊಪ್ಪಿಯ ನೆರಿಗೆಗೂ ಇದಕ್ಕೂ ಯಾವ ನಂಟೂ ಇಲ್ಲ, ಇದೆ ಅಂತ ವಾಟ್ಸಾಪಿನಲ್ಲಿ ಯಾರಾದರೂ ಕಳಿಸಿದರೆ ನಂಬಬೇಡಿ. ಆದರೆ ಅಜ್ಜನ ಲೆಕ್ಕದ ಪುಸ್ತಕಗಳಿಗೆ ಅವರ ಅಪ್ಪನ ಕಾಲದವರು 'ಕಡತ' ಅಂತಲೇ ಅನ್ನುತ್ತಿದ್ದರಂತೆ, ಅಮ್ಮ ಹೇಳಿದರು.

ಈ ಸಲ ಸ್ಕ್ಯಾನ್ ಮಾಡಿದ ಮೇಲೇ ಡಬ್ಬಕ್ಕೆ ಇಟ್ಟದ್ದು. ಓದಿಯೂ ಓದಿದೆ. ಹೆಚ್ಚಾಗಿ ಮಳೆ, ಅಡಿಕೆ ರೇಟು, ಯಾರಿಗೆ ಜ್ವರ, ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ದಾರಿಯಲ್ಲಿ ಸೋರಿತು ಅನ್ನುವ ದೂರು. ಅಂಟಿಹೋದ ಆ ನಾಲ್ಕನೆಯದನ್ನೂ ಒಂದು ಬೇರೆ ಹೊದಿಕೆಯಲ್ಲಿಟ್ಟಿದ್ದೀನಿ.

ದೀಪಾವಳಿಗೆ ಊರಿಗೆ ಹೋದಾಗ ಡಬ್ಬ ಒಯ್ದೆ. ಅಮ್ಮ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಅಟ್ಟಕ್ಕೆ ಬೇಡ, ತೇವಕ್ಕೆ ರಟ್ಟು ಮೆತ್ತಗಾಗುತ್ತೆ, ಗೋಡೆಗೆ ತಾಗದಂತೆ ಕಪಾಟಿನಲ್ಲಿಡು ಅಂತ ನಾನು ಹೇಳುತ್ತಿದ್ದರೆ ಅವರು ಒಳಗೆ ಹೋಗಿ ನಾಲ್ಕು ತುಂಡು ಬಜೆಬೇರು ತಂದು ಮೂಲೆಗಿಟ್ಟರು. ನಾಲ್ಕು ಮೂಲೆಗೆ ನಾಲ್ಕು, ನನ್ನ ಕಂಬಗಳ ಪಕ್ಕದಲ್ಲೇ. ಆಮೇಲೆ ಡಬ್ಬವನ್ನು ಎತ್ತಿ, ಟ್ರಂಕಿನೊಳಗೆ ಇಟ್ಟು, ಟ್ರಂಕಿನ ಬಾಗಿಲು ಹಾಕಿದರು.

ಕಳೆದ ವಾರ ಫೋನ್ ಬಂತು. ಅಪ್ಪನ ಫೋಟೋಗಳಿಗೂ ಅಂಥದ್ದೇ ಒಂದು ಬೇಕಂತೆ. ಅಳತೆ ಹೇಳಮ್ಮ ಅಂದೆ. "ಉದ್ದ ಒಂದೂವರೆ ಗೇಣು, ಅಗಲ ಒಂದು ಗೇಣು ಮೇಲೆ ಎರಡು ಬೆರಳು" ಅಂದರು. ಯಾರ ಗೇಣು ಅಂತ ಕೇಳಿದ್ದಕ್ಕೆ ಸಿಟ್ಟು ಬಂತು.